ಗವರ್ನರನ ದವಡೆ ಹಲ್ಲು

ಬಾಸೆಲ್, ೧೩ ಅಕ್ಟೋಬರ್ ೧೯೩೧

ಅಮ್ಮಾ,

ನಮ್ಮ ಕ್ರೋನ್ ನಾಣ್ಯ ಮುಳುಗಿಲ್ಲ, ಗಾಬರಿಯಾಗಬೇಡ. ಗವರ್ನರ್ ಕೆನ್ನೆಗೆ ಕೈಹಚ್ಚಿ ಕುಳಿತಿದ್ದರೆಂದು ಪತ್ರಿಕೆಯವರು ಬರೆದದ್ದು ನಿಜ. ಆದರೆ ನಿನ್ನ ಗವರ್ನರ್ ಮಗ ವಿಲ್ಲೆಮ್ ಹಾಗೆ ಕುಳಿತದ್ದು ಹಲ್ಲುನೋವಿಗೆ. ಇಲ್ಲಿ ಸಭೆ ನಡೆಯುವ ಬ್ಯಾಂಕಿನ ಬಾಗಿಲು ಚಾಕೊಲೇಟ್ ಅಂಗಡಿಯ ಪಕ್ಕದಲ್ಲೇ ಇದೆ. ಒಳಗೆ ಹೋಗುವ ಮುಂಚೆ ಬಾದಾಮಿ ಹಾಕಿದ್ದೊಂದನ್ನು ಕಚ್ಚಿ ದವಡೆ ಹಲ್ಲು ಸೀಳಿಕೊಂಡ. ಕಳೆದ ತಿಂಗಳು ಇಂಗ್ಲೆಂಡಿನ ಪೌಂಡು ಬಿದ್ದಾಗಿನಿಂದ ಎಲ್ಲ ದೇಶಗಳ ಬ್ಯಾಂಕ್ ಗವರ್ನರರೂ ಒಬ್ಬರ ಮುಖ ಒಬ್ಬರು ಓದುತ್ತಿದ್ದಾರೆ. ಇವನ ಊದಿದ ಮುಖ ಕಂಡು ಇಬ್ಬರು ಮೆಲ್ಲನೆ ಕುರ್ಚಿಯನ್ನೇ ದೂರ ಎಳೆದುಕೊಂಡರಂತೆ!

"ನನ್ನ ಕೆನ್ನೆ ನೋಡಿ ಕ್ರೋನ್ ಬೀಳುತ್ತೆ ಅಂತಿದ್ದಾರೆ ಅಕ್ಕಾ," ಎಂದ.

"ಬೀಳ್ಬೇಕಾದ್ದು ನಿನ್ನ ಹಲ್ಲು. ನಡಿ ಡಾಕ್ಟರ್ ಹತ್ರ," ಎಂದೆ.

ಇಂದು ಬೆಳಿಗ್ಗೆ ಕೀಳಿಸಿದೆವು. ಊತ ಇಳಿದಿದೆ, ಜ್ವರವಿಲ್ಲ, ಎರಡು ಬಟ್ಟಲು ಗಂಜಿ ಕುಡಿದ.

ಊರಿನ ಬ್ಯಾಂಕಿನ ಮುಂದೆ ಹಣ ತೆಗೆಯಲು ಜನ ಸಾಲುಗಟ್ಟಿದ್ದಾರೆ ಎಂಬ ನಿನ್ನ ತಂತಿ ಆಮೇಲೆ ಬಂತು. "ಏನೂ ಆಗಿಲ್ಲ ಅಂತ ಒಂದು ಹೇಳಿಕೆ ಕೊಡೋ," ಎಂದೆ.

"ಗವರ್ನರ್ ಏನೂ ಆಗಿಲ್ಲ ಅಂದ್ರೆ, ಏನೋ ಆಗಿದೆ ಅಂತಲೇ ಜನ ತಿಳ್ಕೊಳ್ಳೋದು ಅಕ್ಕಾ," ಎಂದು ನಕ್ಕ. ಮೂರು ದಿನಗಳ ಮೇಲೆ ಕಂಡ ನಗು.

ಅದಕ್ಕೇ ಲಕೋಟೆ ಬಿಟ್ಟು ಈ ಕಾರ್ಡು. ಅಂಚೆಯ ಮಿಹ್ಕೆಲ್ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಇದನ್ನು ಇಡೀ ಬೀದಿಗೆ ಓದಿ ಹೇಳಿರುತ್ತಾನೆ. ಈ ಸಲ ಅವನನ್ನು ಬೈಯಬೇಡ, ಕೂರಿಸಿ ಕಾಫಿ ಕೊಡು.

ನಿನ್ನ ಆಲ್ಮಾ