ನೀವು ಹಿಂತೆಗೆದುಕೊಂಡ ಎಚ್ಚರಿಕೆ

೩೦ ಫೆಬ್ರವರಿ ೨೩೧೮
ಕಡವಿನಕೋಣೆ

ವಿನುತಾ ಹೆಬಸೂರ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಗೊತ್ತು. ನಮ್ಮದರಲ್ಲಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ; ತಿದ್ದಿ ಬರೆಯಲು ಪುರುಸೊತ್ತಿಲ್ಲ. ಕಳೆದ ಕಾಲದವರಿಗೆ ಬರೆಯುವ ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ.

ನಮ್ಮ ಊರು ಕಡಲಿಗಿಂತ ತಗ್ಗಿನಲ್ಲಿದೆ. ದಿನಕ್ಕೆರಡು ಸಲ, ಉಬ್ಬರಕ್ಕೆ ಮೊದಲು, ಕಡಲಬಾಗಿಲು ಇಳಿಸಬೇಕು. ಆ ಕೆಲಸ ಸರದಿಯಂತೆ ಪ್ರತಿ ಮನೆಗೂ ಬರುತ್ತದೆ. ಅದಕ್ಕೆ ಭರತಪಾಳಿ ಎಂದು ಹೆಸರು. ಪಾಳಿಯ ದಿನ ನಾವು ಒಲೆ ಹಚ್ಚುವುದಿಲ್ಲ, ನೆರೆಯವರೇ ಗಂಜಿ, ಒಣಮೀನಿನ ಚಟ್ನಿ ತಂದುಕೊಡುತ್ತಾರೆ. ಬಾಗಿಲನ್ನು ನಡೆಸುವುದು ನಿಮ್ಮ ಕಾಲದವರು ಪುಕ್ಕಟೆಯಾಗಿ ಬರೆದ, ಯಾರು ಬೇಕಾದರೂ ತಿದ್ದಬಹುದಾದ 'ಅಗುಳಿ' ಎಂಬ ತಂತ್ರಾಂಶ. ಅದರ ಕೈಪಿಡಿ ಬಿಟ್ಟರೆ ನಮಗೆ ಬೇರೆ ಗತಿಯಿಲ್ಲ.

ಇವತ್ತು ನಮ್ಮ ಮನೆಯ ಪಾಳಿ; ಮಧ್ಯಾಹ್ನ ಬಾಗಿಲು ಅರ್ಧಕ್ಕೆ ನಿಂತುಬಿಟ್ಟಿತು. ಕೀಲು ಮುರಿದಿದೆ. ಅದನ್ನು ಹಾರೆಯಿಂದ ಒತ್ತಿ ಹಿಡಿದು ನನ್ನ ಅತ್ತಿಗೆ ದ್ಯಾವಮ್ಮ ಬಾಗಿಲಡಿಯಲ್ಲೇ ನಿಂತಿದ್ದಾಳೆ. ಅವಳು ಕೈಬಿಟ್ಟರೆ ಬಾಗಿಲು ಅಲ್ಲಾಡುವುದಿಲ್ಲ, ನಾನೂರು ಮನೆಗೆ ನೀರು ನುಗ್ಗುತ್ತದೆ. ಇದಕ್ಕೆ ಕೈಪಿಡಿಯಲ್ಲಿರುವುದು ಒಂದೇ ಸಾಲು: 'ತಂತ್ರಾಂಶವನ್ನು ಮತ್ತೆ ಶುರು ಮಾಡಿ.' ಗುಂಡಿ ಒತ್ತಿ ಶುರು ಮಾಡಿದರೆ ಬಾಗಿಲು ಮೆಲ್ಲಗೆ ಇಳಿಯುತ್ತದೋ, ಧಡಕ್ಕನೆ ಅತ್ತಿಗೆಯ ಮೇಲೆ ಬೀಳುತ್ತದೋ? ಒಂದಕ್ಷರವೂ ಇಲ್ಲ!

ಅಗುಳಿಯ ಹಳೆಯ ಚರ್ಚೆಗಳನ್ನು ಕೆದಕಿದಾಗ ನಿಮ್ಮ ಹೆಸರು ಸಿಕ್ಕಿತು. ನೀವು ಕೈಪಿಡಿಗೆ ಕಳಿಸಿದ್ದ ತಿದ್ದುಪಡಿಯ ಶೀರ್ಷಿಕೆ: 'ಮತ್ತೆ ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ನಾನೇ ಮಾಡಿ ನೋಡಿದ್ದೇನೆ.' ಕೆಳಗೆ ಯಾರೋ ಬರೆದಿದ್ದಾರೆ: 'ಇದು ಯಾರಿಗೆ ಗೊತ್ತಿಲ್ಲ ಮೇಡಂ? ಸುಮ್ನೆ ಕೈಪಿಡಿ ಉದ್ದ ಆಗುತ್ತೆ.' ಅದಕ್ಕೆ ನೀವು, 'ಸರಿ, ಬಿಡಿ. ವಾಪಸ್ ತಗೋತೀನಿ, ಸಾರಿ.' ನಿಮ್ಮ ಎಚ್ಚರಿಕೆಯ ಸಾಲುಗಳು ಅಳಿಸಿಹೋಗಿವೆ. ಉಳಿದಿರುವುದು ಈ ಮಾತುಕತೆ ಮಾತ್ರ.

ಸಾರಿ ಏತಕ್ಕೆ ಹೇಳಿದಿರಿ, ತಾಯಿ? ನನಗೆ ಕೆಂಡದಂಥ ಕೋಪ ಬರುತ್ತಿದೆ. ಆ ಮನುಷ್ಯನಿಗೆ ಗೊತ್ತಿದ್ದಿರಬಹುದು. ನನಗೆ ಗೊತ್ತಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ.

ದಮ್ಮಯ್ಯ, ಅದನ್ನು ಮತ್ತೊಮ್ಮೆ ಕಳಿಸಿ. ಬೇಡವೆಂದರೆ ಜಗಳ ಆಡಿ. ನೀವು ಪಟ್ಟು ಹಿಡಿದಿದ್ದರೆ ಆ ಸಾಲು ಈಗ ನನ್ನ ಕಣ್ಣೆದುರು ಇರಬೇಕಿತ್ತು. ಅದು ಬಂದಿದೆಯೇ ಎಂದು ಕೈಪಿಡಿಯ ಪುಟವನ್ನು ಆರು ಸಲ ತೆರೆದು ನೋಡಿದೆ.

ಕೆಳಗಿನಿಂದ ಅತ್ತಿಗೆ ಕೂಗುತ್ತಿದ್ದಾಳೆ: "ಎಂತ ಮಾಡ್ತೆ ಸುಗಂಧಿ? ನೀರು ಸೊಂಟಕ್ಕೆ ಬಂತು. ಒತ್ತೇ!"

ಏಳನೆಯ ಸಲ ನೋಡುತ್ತೇನೆ. ಆಮೇಲೆ ಒತ್ತುತ್ತೇನೆ.

ಸುಗಂಧಿ ಮೊಗೇರ