ಶೋಕೇಸಿನಲ್ಲಿ ನಿಂತ ಬಲಸೆರಗಿನ ಹೆಣ್ಣು

ಖಾನಾಪುರ
೧೯ ನವೆಂಬರ್ ೨೦೦೧

ಚಿ. ಸೌ. ಕಾಂತಾಳಿಗೆ,

ನಿನ್ನ ಗಂಡ ಮೈಲಾರಲಿಂಗನ ಆಶೀರ್ವಾದ. ಬೇಡವೆಂದರೂ ಕಳಿಸುತ್ತಿದ್ದೇನೆ, ಇಟ್ಟುಕೋ. ಮೊಣಕಾಲು ನೋವು ಹೇಗಿದೆ? ಅತ್ತೆಯವರ ಕೆಮ್ಮು ಇಳಿಯಿತೇ? ಮುತ್ತಪ್ಪನ ಎಮ್ಮೆ ಈದಿದೆ ಅಂತ ಪಾರಿಶ್ವಾಡದ ಬಸ್ಸಿನ ಕಂಡಕ್ಟರ್ ಹೇಳಿದ. ಅಂದರೆ ತವರಿನಲ್ಲಿ ಗಿಣ್ಣು ತಿನ್ನುತ್ತಾ ಆರಾಮಾಗಿದ್ದೀ. ನಾನಿಲ್ಲಿ ಎಂಟು ದಿನದಿಂದ ನನ್ನ ಕೈ ಅಡುಗೆ ಉಂಡು ಬದುಕಿದ್ದೇನೆ. ನಿನ್ನ ತಮ್ಮನ ಅಂಗಡಿಗೆ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಮುತ್ತಪ್ಪ, ‘ಅಕ್ಕ ಹೊಲಕ್ಕ ಹೋಗ್ಯಾಳ್ರಿ ಮಾವಾ’ ಅಂದ. ಎರಡೂ ಸಲ ಅವನ ಹಿಂದಿನಿಂದ ನಿನ್ನ ಸೀನು ಕೇಳಿಸಿತು. ಥಂಡಿ ಆಗಿದ್ದರೆ ಕಷಾಯ ಕುಡಿ.

ನಡೆದದ್ದನ್ನು ನನ್ನ ಬಾಯಿಂದಲೂ ಒಮ್ಮೆ ಕೇಳು. ನಮ್ಮ ಫೋಟೋ ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂದಾಗ ನಿನಗೂ ಖುಷಿಯಾಗಿತ್ತು, ಅದಕ್ಕೆ ಕುಂಕುಮ ಹಚ್ಚಿ ಆರತಿ ಬೆಳಗಿದವಳು ನೀನೇ. ಫೋಟೋಶಾಪ್ ಕಲಿಯಲು ನಾನು ಒಂದು ತಿಂಗಳು ರೈಲಿನಲ್ಲಿ ಬೆಳಗಾವಿಗೆ ಓಡಾಡಿದೆ. ವಡಗಾವಿಯ ಓಣಿಯಲ್ಲಿ, ಮಗ್ಗಗಳ ಸದ್ದಿನ ನಡುವೆ, ಜಾಕೀರನ ಕ್ಲಾಸು. ನನಗಿಂತ ಇಪ್ಪತ್ತು ವರ್ಷ ಸಣ್ಣವನಾದರೂ ಗುರು ಗುರುವೇ. ಮೊದಲ ದಿನವೇ ಎರಡು ಮಾತು ಹೇಳಿದ: ‘ಕಾಕಾ, ಮೂಲ ಫೋಟೋ ಮುಟ್ಟಬ್ಯಾಡ್ರಿ, ಮೊದಲ ಒಂದ ಕಾಪಿ ಮಾಡ್ಕೋರಿ. ಮತ್ತ ತಿದ್ದೂದು ಅಂದ್ರ ಸಾರಿಗೆ ಉಪ್ಪು ಹಾಕಿದಂಗ. ಉಪ್ಪು ಹಾಕೇರಿ ಅಂತ ಉಣ್ಣಾವಗ ತಿಳೀಬಾರದು.’ ನಾನು ಎರಡನ್ನೂ ವಹಿಯಲ್ಲಿ ಬರೆದುಕೊಂಡೆ. ವಹಿಯನ್ನು ದೇಸೂರ ಸ್ಟೇಷನ್ನಿನಲ್ಲಿ ಚಹಾ ಕುಡಿಯಲು ಇಳಿದಾಗ ಬೆಂಚಿನ ಮೇಲೆ ಮರೆತು ಬಂದೆ.

ಆಮೇಲೆ ನನ್ನ ಕೈ ನಿಲ್ಲಲಿಲ್ಲ ನೋಡು. ಇಲ್ಲಿ ಒತ್ತಿದರೆ ಸುಕ್ಕು ಮಾಯ, ಅಲ್ಲಿ ಎಳೆದರೆ ಹೊಟ್ಟೆ ಮಾಯ. ರಾಯಪ್ಪಜ್ಜ ಪಿಂಚಣಿ ಅರ್ಜಿಗೆ ಫೋಟೋ ತೆಗೆಸಿಕೊಳ್ಳಲು ಬಂದಿದ್ದ. ಪ್ರೀತಿಯಿಂದ ಅವನ ಸುಕ್ಕೆಲ್ಲ ಅಳಿಸಿ ಮೀಸೆ ಕಪ್ಪು ಮಾಡಿ ಕೊಟ್ಟೆ. ಕಚೇರಿಯ ಗುಮಾಸ್ತ ಅದನ್ನು ನೋಡಿ, ಮಗನದು ಬೇಡ, ನಿನ್ನದು ತಗೊಂಡು ಬಾ ಅಂತ ಓಡಿಸಿದನಂತೆ. ಅಜ್ಜ ಅಂಗಡಿಗೆ ಬಂದು ನನ್ನ ಏಳು ತಲೆಮಾರನ್ನೂ ಬೈದ. ಆದರೆ ಆ ಫೋಟೋ ಮಾತ್ರ ವಾಪಸ್ ಕೊಡಲಿಲ್ಲ, ಕಿಸೆಯಲ್ಲಿಟ್ಟುಕೊಂಡೇ ಹೋದ. ಅದರಿಂದ ನನಗೆ ಇನ್ನಷ್ಟು ಹುರುಪು ಬಂತು.

ಶೋಕೇಸಿಗೆ ಒಂದು ದೊಡ್ಡ ನಮೂನೆ ಬೇಕಿತ್ತು. ಲಗ್ನದ ವರ್ಷ ಹಿತ್ತಲಲ್ಲಿ ತೆಗೆದ ನಿನ್ನ ಫೋಟೋ ಸ್ಕ್ಯಾನ್ ಮಾಡಿದೆ. ಬಣ್ಣ ಒಂಚೂರು ತಿಳಿ ಮಾಡಿದೆ. ಅದಾದ ಮೇಲೆ ಇನ್ನೊಂಚೂರು. ಮೂಗು ತೀಡಿದೆ, ಗಲ್ಲದ ಮಚ್ಚೆ ತೆಗೆದೆ, ಬಾವಿ ಅಳಿಸಿ ಅಲ್ಲಿ ಹಿಮದ ಗುಡ್ಡ ನಿಲ್ಲಿಸಿದೆ. ಶೋಕೇಸಿನಲ್ಲಿಟ್ಟರೆ ಮುಖ ಗೋಡೆಯ ಕಡೆ ಹೊರಳುತ್ತಿತ್ತು. ಬೀದಿಯ ಗಿರಾಕಿಗಳನ್ನು ನೋಡಲಿ ಎಂದು ಇಡೀ ಚಿತ್ರವನ್ನೇ ಕನ್ನಡಿಯೊಳಗಿನಂತೆ ಎಡಬಲ ಮಾಡಿದೆ. ಅದರ ಜೊತೆ ಸೆರಗೂ ಗುಜರಾತಿ ಹೆಂಗಸರಂತೆ ಬಲಹೆಗಲಿಗೆ ಹೋಯಿತೆಂಬುದು ಈ ಮೂರ್ಖನ ಗಮನಕ್ಕೆ ಬರಲಿಲ್ಲ. ಸಂಜೆಯೊಳಗೆ ಊರೆಲ್ಲ ಸುದ್ದಿ: ಮೈಲಾರಿ ಬೆಳಗಾವಿಗೆ ಹೋಗುತ್ತಿದ್ದದ್ದು ಕಲಿಯಲಿಕ್ಕಲ್ಲ, ಯಾರೋ ಗುಜರಾತಿ ಹೆಣ್ಣಿಗಾಗಿ.

ಮರುದಿನ ನೀನು ಬುತ್ತಿ ತಂದೆ. ಶೋಕೇಸಿನ ಮುಂದೆ ನಿಂತು ಇಕಿ ಯಾರೆಂದು ಕೇಳಿದೆ. ನಾನು ಎದೆಯುಬ್ಬಿಸಿ, ನೀನೇ ಅಂದೆ. ನೀನು ಆಕೆಯನ್ನು ನೋಡಿದೆ, ನನ್ನನ್ನು ನೋಡಿದೆ. ‘ಇಕಿ ನಾನಾದ್ರ, ಬುತ್ತಿ ತಗೊಂಡು ನಿಂತಾಕಿ ಯಾರ್ರಿ?’ ಅಂದೆ. ಆಗ ನಾನು ನಕ್ಕೆ. ನಗಬಾರದಿತ್ತು. ‘ಇನ್ನ ಆಕಿ ಕಡೆನ ಬಡಿಸ್ಕೊಂಡು ಉಣ್ರಿ’ ಅಂತ ನೀನು ಡಬ್ಬಿ ಇಟ್ಟು, ಮನೆಗೆ ಹೋಗಿ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದೆ.

ಖರೇ ಹೇಳುತ್ತೇನೆ ಕಾಂತಾ, ನಿನ್ನಲ್ಲಿ ಕೊರತೆ ಕಂಡು ತಿದ್ದಿದ್ದಲ್ಲ. ಹೊಸ ವಿದ್ಯೆಯ ಸೊಕ್ಕು, ಅಷ್ಟೇ. ಆಕೆಯನ್ನು ಅಂದೇ ಇಳಿಸಿ ನೀರೊಲೆಗೆ ಹಾಕಿದೆ. ಅಲ್ಲಿ ನಿನ್ನ ಮುಖವನ್ನೇ ಹಾಕೋಣವೆಂದು ಕಂಪ್ಯೂಟರ್ ತೆರೆದರೆ ಅದರಲ್ಲಿಯೂ ಆಕೆಯೇ ಕುಳಿತಿದ್ದಾಳೆ. ಕಾಪಿ ಮಾಡದೆ ಮೂಲದ ಮೇಲೆಯೇ ತಿದ್ದಿ ಉಳಿಸಿದ್ದೆ. ನೆಗೆಟಿವ್ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾಗಿದೆ, ಪ್ರಿಂಟನ್ನು ನೀನು ಟ್ರಂಕಿನಲ್ಲಿ ಒಯ್ದಿದ್ದೀ. ಲಗ್ನದ ಫೋಟೋಗಳಲ್ಲಿ ಬಾಸಿಂಗದ ಮರೆಯಲ್ಲಿ ನಿನ್ನ ಮುಖವೇ ಕಾಣುವುದಿಲ್ಲ. ಬೇರೆ ಯಾವುದಾದರೂ ಇದ್ದೀತೆಂದು ಎರಡು ದಿನ ಹುಡುಕಿದೆ. ಅರ್ಧ ಖಾನಾಪುರ ನನ್ನ ಡಬ್ಬಿಗಳಲ್ಲಿದೆ, ಸತ್ತ ಎತ್ತುಗಳ ಫೋಟೋ ಕೂಡ ಇವೆ. ಹದಿನೆಂಟು ವರ್ಷದಲ್ಲಿ ನಿನ್ನದು ಮತ್ತೊಂದಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅತ್ತೆಯವರ ಪಾದಕ್ಕೆ ನನ್ನ ಶರಣು ಹೇಳು. ಸುಳ್ಳು ಹೇಳುವ ಮುಂಚೆ ಅಕ್ಕನನ್ನು ದೂರ ಕಳಿಸಬೇಕೆಂದು ಮುತ್ತಪ್ಪನಿಗೆ ತಿಳಿಸು. ಎಮ್ಮೆಗೂ ಕರುವಿಗೂ ಒಳ್ಳೆಯದಾಗಲಿ.

ಹಸಿದಿರುವ,
ಮೈಲಾರಲಿಂಗ

ತಾ.ಕ.: ಟಪಾಲು ಒಯ್ಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕಂಪ್ಯೂಟರಿನಲ್ಲಿರುವವಳಿಗೆ ನಿನ್ನ ಮಚ್ಚೆ ಮರಳಿ ಇಡಲು ಕುಳಿತಿದ್ದೆ. ಎಡಗಲ್ಲಕ್ಕೆ ಇಟ್ಟೆ, ನೀನಾಗಲಿಲ್ಲ. ಬಲಗಲ್ಲಕ್ಕೆ ಇಟ್ಟೆ, ಆಗಲೂ ಆಗಲಿಲ್ಲ. ಯಾವ ಗಲ್ಲವೆಂದು ನನಗೆ ನೆನಪಾಗುತ್ತಿಲ್ಲ. ಇದನ್ನು ಓದಿ ನಿನಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆದರೆ ಪತ್ರದಲ್ಲಿ ಬೈಯಬೇಡ, ಇಲ್ಲಿಗೆ ಬಂದು ಎದುರಿಗೆ ನಿಂತು ಬೈಯಿ. ಕ್ಯಾಮರಾಕ್ಕೆ ಹೊಸ ರೀಲು ಹಾಕಿ ಇಟ್ಟಿದ್ದೇನೆ. ನೀನು ಬೈಯುತ್ತಿರುವಾಗಲೇ ರೀಲಿನ ಮೂವತ್ತಾರೂ ಫೋಟೋ ತೆಗೆಯುತ್ತೇನೆ, ಒಂದನ್ನೂ ತಿದ್ದುವುದಿಲ್ಲ.