ಮೊಯ್ನಾಳ ಊರು ಯಾವುದು

ಜರಗನಹಳ್ಳಿ, ಬೆಂಗಳೂರು
೨೫ ಜನವರಿ ೨೦೨೬, ಭಾನುವಾರ

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ಅಷ್ಟು ಹೊತ್ತು ನೆಲದ ಮೇಲೆ ಕೂತು ಧ್ಯಾನ ಮಾಡುವುದು ಕಷ್ಟವಾದರೆ ಭಂತೇಜಿಯವರನ್ನು ಕೇಳಿ ಕುರ್ಚಿ ಹಾಕಿಸಿಕೋ, ನಾಚಿಕೊಳ್ಳಬೇಡ. ಬುದ್ಧವಿಹಾರದಲ್ಲಿ ಮೂರು ತಿಂಗಳು ಫೋನ್ ಮುಟ್ಟುವಂತಿಲ್ಲ ಎಂದು ನೀನು ಹೇಳಿಹೋದ ಮೇಲೆ, ನಿನಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ಓಡಾಡುತ್ತಿದ್ದೇನೆ. ಇಲ್ಲಿ ಬೆಳಗಿನ ಮಂಜು ಎಂಟಾದರೂ ಕರಗುವುದಿಲ್ಲ. ಅಂಗಡಿಯ ಬಾಗಿಲು ತೆಗೆದರೆ ಬಿಸಿಲಿನಲ್ಲಿ ಬೂರುಗದ ಹತ್ತಿಯ ಎಳೆಗಳು ಕೆಳಕ್ಕೂ ಇಳಿಯದೆ ಮೇಲಕ್ಕೂ ಏರದೆ ತೇಲುತ್ತಿರುತ್ತವೆ. ನೋಡುತ್ತಾ ನಿಂತರೆ ಗಿರಾಕಿ ಬಂದದ್ದೂ ತಿಳಿಯುವುದಿಲ್ಲ.

ಸಂಕ್ರಾಂತಿಗೆ ಮುಂಚೆ ಸ್ಟೇಷನ್ನಿನಿಂದ ಇನ್‌ಸ್ಪೆಕ್ಟರ್ ಬಂದಿದ್ದರು. ಹೊರದೇಶದವರನ್ನು ಹುಡುಕುವ ಕೆಲಸ ಈಗ ಬಿಗಿಯಾಗಿದೆಯಂತೆ. "ಮುಂಚಿನ ಥರ ಅಲ್ಲ ಮೇಡಂ. ಕೆಲಸಕ್ಕಿಟ್ಕೊಂಡಿರೋರು ಯಾವೂರೋರು ಅಂತ ನೀವೇ ತೋರಿಸ್ಬೇಕು. ಹೊರದೇಶದೋರು ಅಂತಾದ್ರೆ ನಿಮ್ಮ ಮೇಲೂ ಕೇಸಾಗತ್ತೆ," ಎಂದರು. ಗದರಲಿಲ್ಲ. ನೀರು ಕೇಳಿ ಕುಡಿದರು. ಎಂಟು ವರ್ಷದಿಂದ ನಮ್ಮಲ್ಲಿ ಹಾಸಿಗೆ ಹೊಲಿಯುತ್ತಿರುವ ಮೊಯ್ನಾಳ ಆಧಾರ್ ಕಾರ್ಡ್ ತೋರಿಸಿದೆ. ಅದು ಸಾಲದು, ಹುಟ್ಟೂರಿನ ದಾಖಲೆ ಬೇಕು ಎಂದರು. "ನಿಮ್ಮೂರು ಎಲ್ಲಿದೆಯಮ್ಮ?" ಎಂದು ಅವಳನ್ನೇ ಕೇಳಿದಾಗ, "ಪಶ್ಚಿಮ ಬಂಗಾಳದ ಕೂಚ್‌ಬಿಹಾರ ಸಾರ್. ಈಗ ನದಿ ಒಳಗೆ ಐತೆ," ಎಂದಳು. ದಡ ಕೊರೆದು ನದಿ ಅವರ ಊರನ್ನೇ ನುಂಗಿದ್ದು ನಿನಗೆ ಗೊತ್ತಲ್ಲ. ಅವತ್ತಿನಿಂದ ಕಣ್ಣು ಮುಚ್ಚಿದರೆ ಸಾಕು, ನೀರಿನಡಿಯ ಆ ಊರು ಕಾಣುತ್ತದೆ. ಪೆಟ್ಟಿಗೆ ತೆರೆದಿದೆ, ಕಾಗದಗಳು ಬಿಚ್ಚಿಕೊಂಡು ಅಲ್ಲಾಡುತ್ತಿವೆ, ಅಕ್ಷರ ಒಂದೂ ಅಳಿಸಿಲ್ಲ, ಸುತ್ತ ಮೀನುಗಳು.

ಪಕ್ಕದ ಪ್ಯಾಕಿಂಗ್ ಶೆಡ್ಡಿನವರು ಬಂಗಾಳಿ ಮಾತಾಡುವವರನ್ನೆಲ್ಲ ಒಂದೇ ದಿನ ಕಳಿಸಿಬಿಟ್ಟರು. ನಿನ್ನ ಮಗ ಸಿದ್ದರಾಜಣ್ಣನೂ, "ಪಾಪ ಅನ್ಕೊಂಡು ಕೂತ್ರೆ ನಾಳೆ ಕೋರ್ಟಿಗೆ ಅಲೆಯೋರು ನಾವೇ. ಕಳ್ಸು ಮೈತ್ರಿ ಅವಳನ್ನ," ಎಂದ. ನನಗೆ ಭಯವಾಯಿತು ಅವ್ವಾ. ಕಾಗದ ತಂದ ಮೇಲೆ ಬಾ ಎಂದು ನಾನೇ ಅವಳಿಗೆ ಹೇಳಿದೆ. ಅವಳು ಅರ್ಧ ಹೊಲಿದಿದ್ದ ಹಾಸಿಗೆಯ ಕೊನೆಯ ಮೂಲೆ ಮುಗಿಸಿ, ದಬ್ಬಳವನ್ನು ದಾರದ ಉಂಡೆಗೆ ಚುಚ್ಚಿಟ್ಟು ಹೋದಳು.

ಮಾರನೆಯ ದಿನ ಹತ್ತಿ ಹಿಂಜುವ ಮೆಷಿನ್ ಹಾಕಲು ಕೈ ಬರಲಿಲ್ಲ. ಅಜ್ಜ ಉಳುತ್ತಿದ್ದ ಹೊಲಕ್ಕೆ ಕಾಗದವಿಲ್ಲ ಎಂದು ಅದು ಲೇಔಟಿಗೆ ಸೇರಿಹೋದದ್ದನ್ನು ನೀನು ಹೇಳುವಾಗಲೆಲ್ಲ, "ಕಾಗ್ದ ಇಲ್ದಿದ್ರೆ ನಮ್ಮಪ್ಪ ಉತ್ತಿದ್ದೇ ಸುಳ್ಳಾ?" ಎನ್ನುತ್ತಿದ್ದೆಯಲ್ಲ, ಅದು ಕಿವಿಯಲ್ಲಿ ಕೂತುಬಿಟ್ಟಿತು. ಬಾಗಿಲು ಎಳೆದುಕೊಂಡು ಅವಳ ಬಾಡಿಗೆ ಕೋಣೆಗೆ ಹೋದೆ. ಮಡಿವಾಳಕ್ಕೆ ಹೋದಳು ಎಂದರು. ಅಲ್ಲಿ ಬಸ್ ಆಫೀಸೊಂದರ ಮುಂದೆ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಕಳಿಸಿಕೊಡಲು ಬಂದೆ ಅಂದುಕೊಂಡು, "ಬಸ್ಸು ಸಂಜೆಗೆ ಅಕ್ಕ, ನೀವ್ಯಾಕೆ ಬಂದ್ರಿ?" ಎಂದಳು. ನಾನು ಗಂಟು ಎತ್ತಿಕೊಂಡೆ.

ಇಬ್ಬರೂ ನೇರ ಸ್ಟೇಷನ್ನಿಗೆ ಹೋದೆವು. ಅವಳು ಓದಿದ ಶಾಲೆಯನ್ನು ಊರು ಮುಳುಗುವ ಮೊದಲೇ ಎತ್ತರದ ಜಾಗಕ್ಕೆ ಸಾಗಿಸಿದ್ದರಂತೆ. ಅಲ್ಲಿಗೆ ಫೋನ್ ಹಚ್ಚಿದರೆ, ಮೂರನೇ ದಿನ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಅವಳ ಹೆಸರು, ಅವಳಪ್ಪನ ಹೆಸರು ಹುಡುಕಿ ಫೋಟೋ ಕಳಿಸಿದರು. ಫೋಟೋ ನಡೆಯುವುದಿಲ್ಲ, ಮೊಹರು ಹಾಕಿದ ಪ್ರತಿ ಅಂಚೆಯಲ್ಲಿ ಬರಬೇಕು ಎಂದರು ಇನ್‌ಸ್ಪೆಕ್ಟರ್. ಅಲ್ಲಿಯವರೆಗೆ ಅವಳು ಕೆಲಸ ಮಾಡಬಹುದು, ಸೋಮವಾರ ಸೋಮವಾರ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕು. ಅವಳು ನಮ್ಮವಳೇ ಎಂದು ನಾನು ಬರೆದುಕೊಡಬೇಕು. "ಯೋಚ್ನೆ ಮಾಡಿ ಮೇಡಂ, ಆಮೇಲೆ ಹಿಂದೆ ಸರಿಯೋಕಾಗಲ್ಲ," ಎಂದರು. ಬರೆದುಕೊಟ್ಟೆ. ಈಗ ಅವಳು ಎದುರಿಗೇ ಕೂತು ದಿಂಬು ತುಂಬುತ್ತಿದ್ದಾಳೆ, ಹತ್ತಿ ಮೆತ್ತಿ ಕೂದಲೆಲ್ಲ ಬೆಳ್ಳಗಾಗಿ ಮುದುಕಿಯಂತೆ ಕಾಣುತ್ತಾಳೆ.

ಅಣ್ಣ ಸಿಟ್ಟಿನಲ್ಲಿದ್ದಾನೆ, ಊಟಕ್ಕೆ ಮಾತ್ರ ಬರುತ್ತಾನೆ. ಭಂತೇಜಿಯವರಿಗೆ ನನ್ನ ವಂದನೆ ತಿಳಿಸು. ಬಿಸಿನೀರನ್ನೇ ಕುಡಿ. ಜೈ ಭೀಮ್.

ನಿನ್ನ ಮಗಳು,
ಮೈತ್ರಿ

ಮರೆತೆ: ಅಂಗಡಿಯ ಲೈಸೆನ್ಸ್ ನಿನ್ನ ಹೆಸರಿನಲ್ಲಿದೆ. ಆ ಪ್ರತಿ ಬಾರದೆ ಕೇಸಾದರೆ ಮಾಲೀಕಳೆಂದು ನಿನ್ನನ್ನೇ ಕರೆಯುತ್ತಾರೆ. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸುವ ಅರ್ಜಿ ಜೊತೆಗಿಟ್ಟಿದ್ದೇನೆ. ಮೂರು ಕಡೆ ಸಹಿ ಹಾಕಿ, ಈ ಕಾಗದ ತಲುಪಿದ ದಿನವೇ ಅಂಚೆಗೆ ಹಾಕಿಸು. ಅಣ್ಣನಿಗೆ ಹೇಳಿಲ್ಲ.